ತಳಬುಡ ತಾತನ ಹಸಿರು ಡಬ್ಬಿಗಳು

ನಮ್ಮ ಯಜಮಾನರ ಆಫೀಸಿನ ಮ್ಯಾನೇಜರು ಮೊದಲ ಸಲ ಮನೆಗೆ ಬಂದ ದಿನ, ಬಡ್ತಿಯ ಸಿಹಿಸುದ್ದಿ ನಮ್ಮ ಮಡಿಲಿಗೆ ಬೀಳುತ್ತದೆಂದು ಕಾಯುತ್ತಿದ್ದೆವು. ಬಿದ್ದದ್ದು ಸಕ್ಕರೆ. ಅದೂ ಮ್ಯಾನೇಜರ ಮಡಿಲಿಗೆ.

ಬೀಳಿಸಿದವರು ಕೆಳಗಿನ ಮನೆಯ ತಾತ. ಓದಲು ಒಯ್ದಿದ್ದ ಪೇಪರು ಹಿಂದಿರುಗಿಸಲು ಬಂದವರನ್ನು ಮರ್ಯಾದೆಗೆ ಕೂರಿಸಿ ಒಂದು ಲೋಟ ಕಾಫಿ ಕೊಟ್ಟಿದ್ದೆ. ಅವರು ಕಾಫಿಯನ್ನು ಮುಟ್ಟಲಿಲ್ಲ. ಟೀಪಾಯಿಯ ಮೇಲಿದ್ದ ಹಸಿರು ಸಕ್ಕರೆ ಡಬ್ಬಿಯನ್ನೇ ದಿಟ್ಟಿಸಿದರು. ಆಮೇಲೆ ಅದನ್ನು ಎತ್ತಿಕೊಂಡು, ತಲೆಕೆಳಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ಅದರ ತಳ ನೋಡಿದರು. ಮುಚ್ಚಳ ಹಾಕಿರಲಿಲ್ಲ.

"ಇದಲ್ಲ," ಎಂದರು.

ಮ್ಯಾನೇಜರು ಎದ್ದು ನಿಂತು ಪ್ಯಾಂಟು ಕೊಡವಿಕೊಂಡರು. ಆ ವರ್ಷ ಬಡ್ತಿ ಬರಲಿಲ್ಲ, ಇರುವೆ ಬಂದವು.

ನಮ್ಮ ಕಟ್ಟಡದ ಮಕ್ಕಳು ಅವರನ್ನು ತಳಬುಡ ತಾತ ಎಂದು ಕರೆಯುತ್ತಿದ್ದದ್ದು ಇದಕ್ಕೇ. ತಳಬುಡವಿಲ್ಲದ ಮಾತಾಡುವವರು ಎಲ್ಲ ಕಡೆ ಸಿಗುತ್ತಾರೆ. ಇವರದು ತಿರುಗಾಮುರುಗಾ: ಮಾತೇ ಇಲ್ಲ, ಬರೀ ತಳಬುಡ. ಯಾರ ಮನೆಗೆ ಹೋದರೂ ಕಣ್ಣು ಅಡುಗೆಮನೆಯ ಕಪಾಟಿನ ಕಡೆಗೆ. ಹಸಿರು ಬಣ್ಣದ್ದೇನಾದರೂ ಕಂಡರೆ ಕೈ ತಾನಾಗಿ ಚಾಚುತ್ತಿತ್ತು. ಗುಜರಿ ಅಂಗಡಿಯವನು ಇವರನ್ನು ಕಂಡರೆ ಸ್ಟೂಲು ಹಾಕಿ ಕೊಡುತ್ತಿದ್ದ. ಒಂದೊಂದು ಮೂಟೆಯ ಮುಂದೆ ಒಂದೊಂದು ಗಂಟೆ ಕೂರುವರು. ಶಾಲೆಯ ಗೇಟಿನ ಹತ್ತಿರ ನಿಂತು ಮಕ್ಕಳ ಊಟದ ಚೀಲಗಳನ್ನು ನೋಡುತ್ತಿದ್ದಾಗ ವಾಚ್‌ಮನ್ ಎರಡು ಸಲ ಗದರಿ ಕಳಿಸಿದ್ದನಂತೆ.

ಅವರು ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಅಚ್ಚಿನ ಮೆಷಿನ್ ನಡೆಸಿದವರು. ಮೇಲಿನಿಂದ ಪ್ಲಾಸ್ಟಿಕ್ಕಿನ ಕಾಳು ಸುರಿದರೆ ಒಳಗೆ ಕರಗಿ, ಅಚ್ಚು ಮುಚ್ಚಿ, ಅಚ್ಚು ತೆರೆದಾಗ ಬೆಚ್ಚಗಿನ ಡಬ್ಬಿ. ಬೆಚ್ಚಗಿರುವಾಗಲೇ ಅಂಚಿನ ಎಳೆಗಳನ್ನು ಬ್ಲೇಡಿನಿಂದ ಹೆರೆದು ಬುಟ್ಟಿಗೆ ಹಾಕಬೇಕು. ಅವರ ಹೆಬ್ಬೆರಳಿನ ತುದಿ ಸುಟ್ಟು ಸುಟ್ಟು ನುಣ್ಣಗಾಗಿ ಗೆರೆಗಳೇ ಅಳಿಸಿಹೋಗಿದ್ದವು. "ಕಳ್ಳತನ ಮಾಡಿದ್ರೆ ಪೊಲೀಸರಿಗೆ ಸಿಗ್ತಿರ್ಲಿಲ್ಲ ನೋಡಮ್ಮ," ಎಂದು ಒಮ್ಮೆ ತೋರಿಸಿದ್ದರು. ನಾನು ನಕ್ಕೆ. ಅವರು ನಗಲಿಲ್ಲ.

ಅಂಥ ಮನುಷ್ಯನ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಚಮಚವೂ ಇರಲಿಲ್ಲ. ಕುಡಿಯುವ ನೀರಿಗೆ ಮಣ್ಣಿನ ಹೂಜಿ, ಬೇಳೆಕಾಳಿಗೆ ಗಾಜಿನ ಭರಣಿ, ಮರದ ಬಾಚಣಿಗೆ, ಕಾಗದದಲ್ಲಿ ಸುತ್ತಿದ ಸೋಪು, ತಾವೇ ಹೊಲಿದ ಬಟ್ಟೆ ಚೀಲ. ಸ್ನಾನಕ್ಕೆ ತಗಡಿನ ಬಕೆಟ್ಟು. ಅದರ ಸದ್ದಿಗೆ ಬೆಳಗಿನ ಆರು ಗಂಟೆಗೆ ಇಡೀ ಕಟ್ಟಡ ಏಳುತ್ತಿತ್ತು. ಅಲಾರಂ ಇಟ್ಟುಕೊಳ್ಳುವುದನ್ನು ನಾವು ಬಿಟ್ಟೇಬಿಟ್ಟಿದ್ದೆವು.

"ಮತ್ತೆ ಸ್ವಿಚ್ಚು ಪ್ಲಾಸ್ಟಿಕ್ಕಲ್ವಾ ಮಾವ?" ಎಂದು ನಾನು ಒಮ್ಮೆ ಕೊಂಕು ತೆಗೆದಿದ್ದೆ.

"ಸ್ವಿಚ್ಚಲ್ಲಿ ಯಾರೂ ಊಟ ಹಾಕ್ಕೊಂಡು ತಿನ್ನಲ್ವಲ್ಲಮ್ಮ."

ಸಕ್ಕರೆ ಚೆಲ್ಲಿದ ಮಾರನೆಯ ದಿನ ಪಾಪಪ್ರಜ್ಞೆಯಿಂದಲೋ ಏನೋ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದರು. ಬಂದವರು ನನ್ನ ಅಡುಗೆಮನೆಯನ್ನೇ ಜಾಲಾಡಿದರು. ಬಿಸಿ ಸಾರು, ಎಣ್ಣೆ, ಹುಳಿ ಇವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಬೇಡ. ಗೀರು ಬಿದ್ದದ್ದು ಎಸೆ. ಅನುಮಾನ ಬಂದರೆ ಮುಚ್ಚಳ ಹಾಕಿ ಒಂದು ದಿನ ಬಿಸಿಲಲ್ಲಿಟ್ಟು, ತೆರೆದ ಕೂಡಲೇ ಮೂಸಿ ನೋಡು. ನನ್ನ ಹದಿನೇಳು ಡಬ್ಬಿಗಳು ಆ ಪರೀಕ್ಷೆಯಲ್ಲಿ ನಪಾಸಾದವು. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕೂಡ ಅಷ್ಟು ಮಂದಿಯನ್ನು ಒಟ್ಟಿಗೆ ಹೊರಗೆ ನಿಲ್ಲಿಸಿರಲಿಲ್ಲ. ಹಾಲಿನ ಪಾತ್ರೆಯ ಮೇಲೆ ಒಂದು ಹಸಿರು ಮುಚ್ಚಳವಿತ್ತು, ಮೇಲೆ ಉಬ್ಬಿದ ಮೊಲದ ಚಿತ್ರ. ಅದರ ಡಬ್ಬಿ ಯಾವ ಕಾಲದಲ್ಲೋ ಕಳೆದುಹೋಗಿತ್ತು. ಅದನ್ನು ಅವರು ಎತ್ತಿದರು, ಹಿಂದೆ ಮುಂದೆ ತಿರುಗಿಸಿದರು, ಏನೂ ಹೇಳದೆ ಇಟ್ಟುಬಿಟ್ಟರು. ಮೊಲ ಪಾಸಾಯಿತು ಎಂದುಕೊಂಡೆ.

ತಾತನ ಹಂಬಲವನ್ನೆಲ್ಲ ನಾನು ಮುಪ್ಪಿನ ಖಯಾಲಿ ಎಂದೇ ತಿಳಿದಿದ್ದೆ. ಅವರಿಗೆ ಜ್ವರ ಬರುವ ತನಕ.

ಮೂರು ದಿನ ಬಕೆಟ್ಟಿನ ಸದ್ದಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಗಂಜಿ ತೆಗೆದುಕೊಂಡು ಇಳಿದು ಹೋದೆ. ನಡುಮನೆಯ ಮಂಚದ ಮೇಲೆ ಮುದುಡಿಕೊಂಡಿದ್ದರು. "ಒಳಗೆ ಕಂಬಳಿ ಇದೆ ತಾಯಿ," ಎಂದರು. ಒಳಗೆ ಎರಡು ಬಾಗಿಲು. ನಾನು ತೆರೆದದ್ದು ಎರಡನೆಯದನ್ನು.

ಗೋಡೆಯುದ್ದಕ್ಕೂ ಹಲಗೆಗಳು. ಹಲಗೆಗಳ ಮೇಲೆ ಸಾಲುಸಾಲಾಗಿ ಹಸಿರು ಡಬ್ಬಿಗಳು, ಮಕ್ಕಳ ಊಟದ ಡಬ್ಬಿಗಳು, ಎಲ್ಲವೂ ಬೋರಲು. ಕಿಟಕಿಯ ಬಿಸಿಲು ಅವುಗಳ ಮೂಲಕ ಹಾದು ನೆಲ, ಗೋಡೆ, ನನ್ನ ಕೈ ಎಲ್ಲ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಪ್ರತಿಯೊಂದರ ತಳದಲ್ಲೂ ಒಂದು ಚಿಕ್ಕ ವೃತ್ತ. ವೃತ್ತದ ಸುತ್ತ ಒಂದರಿಂದ ಹನ್ನೆರಡು, ನಡುವೆ ಒಂದು ಬಾಣ, ಬಾಣದ ಎರಡೂ ಬದಿ ವರ್ಷದ ಅಂಕಿ. ಥೇಟ್ ಗಡಿಯಾರ. ಅಷ್ಟೂ ಗಡಿಯಾರಗಳ ಮುಳ್ಳು ಒಂಬತ್ತಕ್ಕೇ ನಿಂತಿತ್ತು. ಮೂಗಿಗೆ ಏನೋ ಸಣ್ಣಗೆ ಅಡರಿತು. ಔಷಧದಂಗಡಿಯಲ್ಲಿ ಯಾರೋ ಕೂದಲು ಸುಟ್ಟ ಹಾಗೆ. ಅಥವಾ ನನಗೆ ಹಾಗೆನಿಸಿತೋ, ಈಗಲೂ ಹೇಳಲಾರೆ.

"ಆ ಬಾಗಿಲಲ್ಲಮ್ಮ," ಎಂದು ಹಿಂದಿನಿಂದ ದನಿ ಬಂತು. ಗೋಡೆ ಹಿಡಿದುಕೊಂಡು ಎದ್ದು ಬಂದಿದ್ದರು. "ವಾಸನೆ ಬಂತಾ ನಿಂಗೆ?"

"ಬಂತು ಅನ್ಸುತ್ತೆ ಮಾವ."

"ಹಂಗಾದ್ರೆ ನಂಗೊಬ್ಬನಿಗೇ ಅಲ್ಲ," ಎಂದು ನೆಲದ ಮೇಲೆ ಕೂತುಬಿಟ್ಟರು. ಗಂಜಿ ಆರಿತು. ಅವರು ಹೇಳಿದರು.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ತಿಂಗಳ ಮೊದಲ ದಿನ ಅಚ್ಚಿನೊಳಗಿನ ಆ ಬಾಣವನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಸ ತಿಂಗಳಿಗೆ ಇಡುವುದು ಇವರ ಕೆಲಸ. ಒಂಬತ್ತಕ್ಕೆ ತಿರುಗಿಸಿದರು. ಆ ತಿಂಗಳು ಹೊಸ ಕಾಳು ಬರಲಿಲ್ಲ. ಫ್ಯಾಕ್ಟರಿಯ ಮಾಲೀಕರು ಎಲ್ಲಿಂದಲೋ ಹಳೆಯ ಡ್ರಮ್ಮುಗಳನ್ನು ಪುಡಿ ಮಾಡಿಸಿ ಲಾರಿಯಲ್ಲಿ ತರಿಸಿದರು. ಆ ಡ್ರಮ್ಮುಗಳಲ್ಲಿ ಮೊದಲು ಏನಿತ್ತು ಎಂದು ಯಾರೂ ಕೇಳಲಿಲ್ಲ. ಕರಗುವಾಗ ಈ ವಾಸನೆ. ಇವರು ಸೂಪರ್‌ವೈಸರ್ ಹತ್ತಿರ ಹೋದರು. "ಬಣ್ಣ ಹಾಕಿದ್ಮೇಲೆ ಎಲ್ಲಾ ಹಸುರೇ ಕಣಯ್ಯ," ಎಂದ ಅವನು. ಇವರು ವಾಪಸ್ಸು ಬಂದು ಮೆಷಿನ್ ಮುಂದೆ ನಿಂತರು. ಇಪ್ಪತ್ತೆರಡು ದಿನ.

"ತಿಂಗಳ ಕೊನೆಗೆ ಕೆಲಸದೋರಿಗೆಲ್ಲ ಒಂದೊಂದು ಡಬ್ಬಿ ಕೊಟ್ರು. ಬೇಡ ಅಂದ್ರೆ ಯಾಕೆ ಬೇಡ ಅಂತ ಹೇಳ್ಬೇಕಾಗಿತ್ತು. ಮನೆಗೆ ತಂದೆ."

"ಅತ್ತೆ ಏನಂದ್ರು?"

"ಏನೋ ನಾತ ಬರುತ್ತಲ್ಲ ಅಂದ್ಲು. ಹೊಸದು, ತೊಳೆದ್ರೆ ಹೋಗುತ್ತೆ ಅಂದೆ." ಅವರು ನುಣುಪು ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡರು. "ತೊಳೆದ್ಲು. ಸೋಪು, ಉಪ್ಪು, ನಿಂಬೆಹಣ್ಣು, ಬಿಸಿಲು. ಒಂದು ವಾರ ತೊಳೆದ್ಲು. ಆಮೇಲೆ ಹತ್ತು ವರ್ಷ ಅದರಲ್ಲೇ ಮಗಳಿಗೆ ಊಟ ಕಟ್ಟಿದ್ಲು. ಮಗಳು ಬಿಟ್ಟಿದ್ದನ್ನ ಸಾಯಂಕಾಲ ತಾನು ತಿನ್ನೋಳು."

ಹೆಂಡತಿ ಹೋಗಿ ಮೂರು ವರ್ಷವಾಗಿತ್ತು. ಹೊಟ್ಟೆಯ ಕಾಯಿಲೆ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟ್ರು ಹೇಳಿರ್ಬೇಕಲ್ಲ ಮಾವ."

"ಇಲ್ಲ ಅನ್ನಲಿಲ್ಲ. ಗೊತ್ತಿಲ್ಲ ಅಂದ್ರು."

ದೆವ್ವದ ಕತೆಗಳನ್ನು ನಾನು ನಂಬಿದವಳಲ್ಲ. ಆದರೆ ಆ ಕೋಣೆಯಲ್ಲಿ ನನಗೊಂದು ವಿಷಯ ಹೊಳೆಯಿತು. ದೆವ್ವವಾಗಬೇಕಾದರೆ ಒಮ್ಮೆಯಾದರೂ ಸತ್ತಿರಬೇಕು. ಪ್ಲಾಸ್ಟಿಕ್ಕಿಗೆ ಆ ತೊಂದರೆಯೂ ಇಲ್ಲ. ಸುಟ್ಟರೆ ಹೊಗೆಯಾಗಿ ಯಾರದೋ ಎದೆಗೆ, ಹೂತರೆ ಯಾರದೋ ಬಾವಿಗೆ, ಗುಜರಿಗೆ ಹಾಕಿದರೆ ಮತ್ತೆ ಪುಡಿಯಾಗಿ ಯಾವುದೋ ಮಗುವಿನ ಕೈಗೆ. ಹಾಗಾಗಿ ತಾತ ಅವನ್ನು ಮನೆಯಲ್ಲೇ ಸೆರೆಯಿಟ್ಟಿದ್ದರು. ಪ್ಲಾಸ್ಟಿಕ್ ಇಲ್ಲದ ಮನೆಯಲ್ಲಿ ಒಂದು ಕೋಣೆಯ ತುಂಬ ಪ್ಲಾಸ್ಟಿಕ್.

"ಇವೆಲ್ಲ ಸಿಕ್ಕಿವೆ. ಮನೇದೇ ಸಿಕ್ಕಿಲ್ಲ," ಎಂದರು.

ಮನೆಯ ಡಬ್ಬಿ ಮಗಳ ಹತ್ತಿರವಿತ್ತು. ಅಮ್ಮ ಹೋದಮೇಲೆ ಸೀರೆ, ಬಳೆ ಎಲ್ಲ ಬಿಟ್ಟು ಅದೊಂದನ್ನು ಎತ್ತಿಕೊಂಡು ಹೋಗಿದ್ದಳಂತೆ. ಮುಂದಿನ ಸೋಮವಾರ ಅವಳ ಮಗು ಮೊದಲ ಸಲ ಶಾಲೆಗೆ ಹೊರಡುತ್ತದೆ. ಅಜ್ಜಿಯ ಡಬ್ಬಿಯಲ್ಲೇ ತಿಂಡಿ ಕಟ್ಟುತ್ತೇನೆಂದು ಹಟ ಹಿಡಿದಿದ್ದಾಳೆ. ತಾತ ಐದು ಬಗೆಯ ಸ್ಟೀಲ್ ಡಬ್ಬಿ ಒಯ್ದು ಕೊಟ್ಟಿದ್ದರು. ಐದನ್ನೂ ಇಟ್ಟುಕೊಂಡಳು, ಹಸಿರನ್ನು ಬಿಡಲಿಲ್ಲ.

"ಕಾರಣ ಹೇಳಿಬಿಡಿ ಮಾವ."

"ನೀನೂ ಜೊತೆಗೆ ಬಾ. ನಾನು ಹೇಳದೇ ಬಂದ್ಬಿಟ್ರೆ ನೀನು ಹೇಳು."

ಭಾನುವಾರ ಬೆಳಿಗ್ಗೆ, ಜ್ವರ ಬಿಟ್ಟ ಮೈಯಲ್ಲೇ, ನನ್ನ ಜೊತೆ ಬಸ್ಸು ಹತ್ತಿದರು. ಮಗಳ ಮನೆ ಮೂರನೆಯ ಮಹಡಿ. ಬಾಗಿಲು ತೆರೆದ ಕೂಡಲೇ ಅವಳು ಅಪ್ಪನ ಕೈಚೀಲ ನೋಡಿದಳು.

"ಆರನೇದು ತಂದ್ಯಾ?"

"ಇಲ್ಲ."

"ತಂದಿದ್ರೂ ಪರ್ವಾಗಿಲ್ಲ, ಅಂಗಡಿ ಇಟ್ಬಿಡ್ತೀನಿ." ನನ್ನ ಕಡೆ ತಿರುಗಿ, "ಕೂತ್ಕೊಳ್ಳಿ ಅಕ್ಕ. ಸಕ್ಕರೆ ನಾನೇ ಒಳಗಿಂದ ಹಾಕ್ಕೊಂಡು ಬರ್ತೀನಿ. ಅಪ್ಪ ನಿಮ್ಮನೇಲಿ ಮಾಡಿದ್ದು ಕೇಳಿದೀನಿ."

ಕಾಫಿ ಬಂತು. ತಾತ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತರು. "ಆ ಡಬ್ಬಿ ಒಂದ್ಸಲ ತೋರ್ಸು ಮಗಳೇ. ತಳ ನೋಡಿ ಕೊಟ್ಬಿಡ್ತೀನಿ."

"ಮೂವತ್ತೊಂದು ವರ್ಷ ಅದನ್ನೇ ಮಾಡಿ ನಮ್ಮನ್ನ ಸಾಕ್ದೆ. ಈಗ ಅದನ್ನ ಕಂಡ್ರೆ ಹಾವು ಕಂಡ ಹಾಗೆ ಆಡ್ತೀಯಲ್ಲಪ್ಪ," ಎನ್ನುತ್ತಲೇ ಎದ್ದು ಹೋಗಿ ತಂದಳು. ಅದರಲ್ಲಿ ಅಮ್ಮನ ಗುಂಡಿಗಳು, ದಾರದ ಉಂಡೆ ಇದ್ದವು. ಅಪ್ಪನ ಕೈಗೆ ಕೊಡುವ ಮುಂಚೆ ಎಲ್ಲವನ್ನೂ ಮೇಜಿನ ಮೇಲೆ ಸುರಿದಳು. ಬುದ್ಧಿವಂತೆ.

ತಾತ ತಿರುಗಿಸಿ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ನಾನು ಬಗ್ಗಿ ನೋಡಿದೆ.

ವೃತ್ತವಿರಬೇಕಾದ ಜಾಗದಲ್ಲಿ 'ಗುಬ್ಬಿ' ಎಂದಿತ್ತು. ಕಾದ ಸೂಜಿಯಿಂದ, ಪ್ಲಾಸ್ಟಿಕ್ಕನ್ನು ಕರಗಿಸಿ ಬರೆದ ಅಕ್ಷರ.

"ಶಾಲೇಲಿ ಬೇರೆಯವರ ಡಬ್ಬಿ ಜೊತೆ ಅದಲು ಬದಲು ಆಗ್ತಿತ್ತಲ್ಲ, ಅದಕ್ಕೆ ಅಮ್ಮ ನನ್ನ ಮುದ್ದಿನ ಹೆಸರು ಬರೆದಿದ್ಲು," ಎಂದಳು ಮಗಳು. "ಒಂದ್ಸಲ ಬೇರೆ ಯಾರದ್ದೋ ಬಂದ್ಬಿಟ್ಟಿತ್ತು. ಅದನ್ನೇ ಇಟ್ಕೊಂಡು ಹೆಸರು ಬರೆದ್ಲು."

"ಬೇರೆಯವರದ್ದಾ?"

"ಇರ್ಬೇಕಪ್ಪ. ನಂಗೆ ಏಳು ವರ್ಷ ಆಗ. ಎಲ್ಲಾ ಹಸುರೇ ಇದ್ವು."

ತಾತ ಗೆರೆಯಿಲ್ಲದ ಹೆಬ್ಬೆರಳಿನಿಂದ ಆ ಅಕ್ಷರಗಳನ್ನು ಸವರಿದರು. ಅಡಿಯಲ್ಲಿ ಬಾಣ ಯಾವ ಕಡೆಗಿತ್ತೋ ಕರಗಿಹೋಗಿತ್ತು. ಊರಿನ ಡಬ್ಬಿಗಳನ್ನೆಲ್ಲ ಓದಿದವರಿಗೆ ಮನೆಯ ಡಬ್ಬಿಯನ್ನು ಓದಲಾಗಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದರು. ನನ್ನತ್ತ ಚಾಚಿದರು. ನಾನೂ ಮೂಸಿದೆ. ಹಳೆಯ ದಾರದ ವಾಸನೆ, ಅದರ ಹಿಂದೆ ಇನ್ನೇನೋ. ಇತ್ತೆಂದು ಆಣೆ ಮಾಡಲಾರೆ, ಇಲ್ಲವೆಂದೂ ಮಾಡಲಾರೆ.

ತಾತ ತಾವೇ ಹೇಳಿದರು. ಲಾರಿ, ಡ್ರಮ್ಮು, ಸೂಪರ್‌ವೈಸರ್, ಇಪ್ಪತ್ತೆರಡು ದಿನ, ಬೋರಲಿಟ್ಟ ಡಬ್ಬಿಗಳ ಕೋಣೆ. ಎಲ್ಲಿಯೂ ತಮ್ಮನ್ನು ಹಳಿದುಕೊಳ್ಳದೆ, ಎಲ್ಲಿಯೂ ಸಮರ್ಥಿಸಿಕೊಳ್ಳದೆ, ಮೆಷಿನ್ ನಡೆಸುವ ಕ್ರಮ ಹೇಳಿಕೊಡುವವರಂತೆ ಹೇಳಿದರು. ಮಗಳು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಾ ಕೇಳಿದಳು. ಕೊನೆಗೆ ಕೈ ನಿಂತಿತು.

"ಅಮ್ಮನಿಗೆ ಗೊತ್ತಿತ್ತಾ?"

"ತೊಳೆದ್ರೆ ಹೋಗುತ್ತೆ ಅಂದಿದ್ದೆ."

ಅವಳು ಎದ್ದು ಒಳಗೆ ಹೋದಳು. ನಲ್ಲಿಯ ನೀರು ಬಿದ್ದ ಸದ್ದಾಯಿತು, ನಿಂತಿತು. ಹೊರಗೆ ಬಂದಾಗ ಮುಖ ಒದ್ದೆಯಿತ್ತು, ಕೈಯಲ್ಲಿ ಐದರಲ್ಲಿ ಒಂದು ಸ್ಟೀಲ್ ಡಬ್ಬಿ. ಗುಂಡಿಗಳನ್ನು ಒಂದೊಂದಾಗಿ ಅದಕ್ಕೆ ಹಾಕಿದಳು. ಆಮೇಲೆ ಹಸಿರು ಡಬ್ಬಿಯನ್ನು ಒಂದು ಹಳೆಯ ಟವಲಿನಲ್ಲಿ ಸುತ್ತಿ ಅಪ್ಪನ ಚೀಲಕ್ಕೆ ಇಟ್ಟಳು.

"ಆ ಕೋಣೇಲಿ ಅಕ್ಷರ ಮೇಲೆ ಬರೋ ಹಾಗೆ ಇಡು," ಎಂದಳು. "ಬೇರೆಯವುಗಳ ಜೊತೆ ಸೇರಿಸಬೇಡ."

"ಇಲ್ಲ."

"ಊಟ ಮಾಡ್ಕೊಂಡು ಹೋಗು."

"ಇನ್ನೊಂದಿನ ಬರ್ತೀನಿ."

ಅವಳು ಬಾಗಿಲವರೆಗೂ ಬಂದಳು. ನಾವು ಮೆಟ್ಟಿಲಿಳಿದು ಬೀದಿಯ ತಿರುವಿಗೆ ಬಂದಮೇಲೆ ನಾನು ಹಿಂದಿರುಗಿ ನೋಡಿದೆ. ಮೂರನೆಯ ಮಹಡಿಯ ಕಿಟಕಿಯಲ್ಲಿ ನಿಂತೇ ಇದ್ದಳು.

ಬಸ್ಸಿನಲ್ಲಿ ತಾತ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮಲಗಿದ ಮಗುವನ್ನು ಹಿಡಿದಂತೆ ಹಿಡಿದಿದ್ದರು. ಎದುರಿನ ಸೀಟಿನ ಹೆಂಗಸಿನ ಬುಟ್ಟಿಯಿಂದ ಏನೋ ಹಸಿರು ಇಣುಕುತ್ತಿತ್ತು. ಮೊದಲ ಸಲ ಅವರ ಕತ್ತು ಆ ಕಡೆ ತಿರುಗಲಿಲ್ಲ. ಹುಡುಕಾಟಕ್ಕೆ ಒಂದು ತಳ ಸಿಕ್ಕಿತು, ತಳಮಳ ಮುಗಿಯಿತು ಎಂದು ನನ್ನ ಮನಸ್ಸು ಹಗುರಾಯಿತು. ಮನೆಗೆ ಹೋದ ಕೂಡಲೇ ಹಾಲು ಕಾಯಿಸಿ ಇಬ್ಬರಿಗೂ ಕಾಫಿ ಮಾಡಬೇಕೆಂದುಕೊಂಡೆ.

"ಮನೇ ಡಬ್ಬೀನೂ ಸಿಕ್ತು," ಎಂದೆ. "ಇನ್ಮೇಲಾದ್ರೂ ನೆಮ್ಮದಿಯಾಗಿ ಇರ್ತೀರಾ ಮಾವ?"

ಅವರು ಚೀಲದ ಬಾಯಿ ಮಡಚಿದರು.

"ಆ ಡಬ್ಬಿಗಳ ಮುಚ್ಚಳ ಪಕ್ಕದ ಮೆಷಿನ್ನಲ್ಲಿ ಆಗ್ತಿತ್ತಮ್ಮ," ಎಂದರು. "ಅದೇ ಕಾಳು. ನಿನ್ನ ಹಾಲಿನ ಪಾತ್ರೆ ಮೇಲಿನ ಮೊಲ ಇದೆಯಲ್ಲ, ಅದು. ಅದಕ್ಕೆ ತಿಂಗಳ ಗುರುತು ಹಾಕ್ತಿರಲಿಲ್ಲ."