ಹೊಸ ಹೆಸರಿನ ಬೆನ್ನಿಗೆ ಬಂದ ಕನ್ನಡ

ಹಂಚಿನ ಮೇಲೆ ಅಗಸಿ ಕಾಳು ಚಟಪಟ ಸಿಡಿಯುವಾಗ ಏಳುವ ವಾಸನೆಗೆ ಕಟಕೋಳದ ಅತ್ತೆಮನೆ ನೆನಪಾಗುತ್ತದೆ. ನಾನು ಕನ್ನಡ ಕಲಿತದ್ದು ಅಲ್ಲೇ. ಕಲಿತದ್ದು ಎನ್ನುವುದೂ ದೊಡ್ಡ ಮಾತು. ಯಾರೂ ಕೂರಿಸಿ ಕಲಿಸಲಿಲ್ಲ, ಕೇಳುತ್ತ ಕೇಳುತ್ತ ಅಂಟಿಕೊಂಡಿತು.

ಮಿರಜದ ಮರಾಠಿ ಹುಡುಗಿ ನಾನು, ತವರಿನ ಹೆಸರು ಶಾಲಿನಿ. ರೂಢಿಯಂತೆ ಲಗ್ನದ ದಿನ ಹೆಸರು ಬದಲಾಯಿಸಿ ನೀಲವ್ವ ಎಂದಿಟ್ಟರು. ಯಜಮಾನರಿಗೆ ಮರಾಠಿ ಬರುತ್ತಿತ್ತು. ಆದರೆ ಹಿರಿಯರ ಮುಂದೆ ಹೆಂಡತಿಯೊಡನೆ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಇನ್ನು ಹೊಸ ಹೆಸರೋ, ನನಗೆ ಗೊತ್ತೇನೋ ಇತ್ತು. ಅತ್ತೆಯ ಓಡುವ ಮಾತಿನಲ್ಲಿ ಅದು ಎಲ್ಲಿ ಬಂತು, ಎಲ್ಲಿ ಹೋಯಿತು ತಿಳಿಯುತ್ತಿರಲಿಲ್ಲ. ಅವರು ಕರೆದರೆ ನಾನು ಗೋಡೆ ನೋಡುತ್ತ ನಿಂತಿರುತ್ತಿದ್ದೆ.

ಕಿವುಡಿಯನ್ನು ಕಟ್ಟಿ ಮೋಸ ಮಾಡಿದರೇ ಎಂದು ಅತ್ತೆಗೆ ಅನುಮಾನ ಬಂತು. ಒಂದು ದಿನ ನನ್ನ ಬೆನ್ನ ಹಿಂದೆ ಹಿತ್ತಾಳೆ ತಾಟು ಕೆಡವಿ ನೋಡಿದರು. ಬೆಚ್ಚಿ ಬಿದ್ದೆ. ಕಿವಿ ನೆಟ್ಟಗಿವೆ, ಅಂದಮೇಲೆ ಇದು ಸೊಕ್ಕೇ ಎಂದು ತೀರ್ಮಾನವಾಯಿತಂತೆ.

ಅಷ್ಟರಲ್ಲಿ ಕಿವಿ ತನ್ನ ಕೆಲಸ ತಾನು ಮಾಡುತ್ತಿತ್ತು. ದಿನವೂ ಕೇಳಿ ಕೇಳಿ ನೀಲವ್ವ ಎಂಬ ಸದ್ದು, ಹೊಳೆಯ ನಡುವಿನ ಕಲ್ಲಿನಂತೆ ಎದ್ದು ಕಂಡಿತು. ಅದಕ್ಕೆ ಒತ್ತಿಕೊಂಡಿದ್ದ ಮಾತುಗಳು ಒಂದೊಂದಾಗಿ ಬಿಡಿಸಿಕೊಂಡವು. ಹೊಲಕ್ಕೆ ಬುತ್ತಿ ಹೋಗುವಾಗ 'ಕಳಸು', ಬೀಸಲಿಕ್ಕೆ ಜೋಳ ಹೋಗುವಾಗಲೂ 'ಕಳಸು'. ಇನ್ನೊಂದು ರೊಟ್ಟಿ ಹಾಕಹೋದರೆ ಮಾವ ತಾಟಿಗೆ ಕೈ ಅಡ್ಡ ಹಿಡಿದು 'ಬ್ಯಾಡ' ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಅಗಸಿ ಹುರಿಯುತ್ತಿದ್ದೆ. ಪಡಸಾಲೆಯಲ್ಲಿ ಅತ್ತೆ ಮಾವನಿಗೆ ಹೇಳುತ್ತಿದ್ದರು: "ಈ ನೀಲವ್ವನ ಮಿರಜಿಗೆ ಕಳಸೂಣ್ರಿ. ಕರದ್ರ ಓ ಅನ್ನೂದಿಲ್ಲ. ನನಗಂತೂ ಸಾಕಾಗೇತಿ."

ನೀಲವ್ವ, ಮಿರಜ, ಕಳಸು. ಮೂರೂ ತಿಳಿದವು, ಬುತ್ತಿಯ ಹಾಗೆ ನನ್ನನ್ನೂ ಕಟ್ಟಿ ಕಳಿಸುತ್ತಾರೆ. ಕೈಯಲ್ಲಿದ್ದ ಅರಿವೆ ಹಿಡಿದೇ ಹೊರಗೆ ಬಂದು ನಿಂತೆ.

"ನೀಲವ್ವ ಕಳಸು ಬ್ಯಾಡ."

ಮಾವ ಮುಖ ತಿರುಗಿಸಿ ನಕ್ಕರು. ಅತ್ತೆ ನನ್ನತ್ತ ಕೈ ತೋರಿಸಿ, "ಬೈದದ್ದಷ್ಟ ಕೇಳಸತೈತಿ ನೋಡ್ರಿ ಇಕಿಗೆ" ಎಂದರು. ಒಳಗೆ ಅಗಸಿ ಹೊತ್ತಿದ ವಾಸನೆ ಬಂದು ಇಬ್ಬರೂ ಓಡಿದೆವು. ಮಿರಜಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ಮರುದಿನದಿಂದ ಅತ್ತೆ ಮೊದಲು ನನ್ನ ಮುಂಗೈ ಮುಟ್ಟಿ, ಹೆಸರು ಹಿಡಿದು ಕರೆದು, ಆಮೇಲೆ ಹೇಳುವುದನ್ನು ಹೇಳುತ್ತಿದ್ದರು.

ಇದೆಲ್ಲ ಆಗಿ ಎಷ್ಟೋ ವರ್ಷಗಳಾದವು. ಮೊನ್ನೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ, ಮಿರಜದಿಂದ ಬರುವ ಅಣ್ಣನ ದಾರಿ ಕಾಯುತ್ತಿದ್ದೆ. ಬೆನ್ನ ಹಿಂದೆ ಯಾರೋ ಶಾಲಿನಿ, ಶಾಲಿನಿ ಎಂದು ಒಂದೇ ಸಮನೆ ಕೂಗುತ್ತಿದ್ದರು. ಯಾರ ಮಗಳೋ ಏನೋ, ಪಾಪ, ಅವರು ಅಷ್ಟು ಕರೆದರೂ ಓ ಅನ್ನುತ್ತಿಲ್ಲವಲ್ಲ ಎಂದುಕೊಂಡೆ. ಅಣ್ಣನೇ ಬಂದು ಭುಜ ಮುಟ್ಟಬೇಕಾಯಿತು.