ಗುಣವತಿ ಆಂಟಿಯ ಬಲಗಿವಿ

ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿರುವ ಚರ್ಚ್ ಹಾಲ್‌ನ ಬೀಗ ಚಳಿಗಾಲದಲ್ಲಿ ಬೇಗ ತೆರೆಯುವುದಿಲ್ಲ. 2007ರ ಜುಲೈ, ಶನಿವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಗುಣವತಿ ಸಾಲಿನ್ಸ್ ಕೈಗವಸು ತೆಗೆದು, ಬೀಗದ ಕೈಯನ್ನು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ತಿರುಗಿಸುತ್ತಾರೆ. ಬಾಗಿಲು ತೆರೆಯುತ್ತದೆ. ಮೊದಲು ಹೀಟರ್, ಆಮೇಲೆ ಮಕ್ಕಳು ಕುಡಿಯುವ ಮೈಲೋಗೆ ಬಿಸಿನೀರು, ಆಮೇಲೆ ಕುರ್ಚಿಗಳು.

ಪ್ಲಾಸ್ಟಿಕ್ಕಿನ ಪುಟ್ಟ ಕುರ್ಚಿಗಳನ್ನು ಅರ್ಧವೃತ್ತದಲ್ಲಿ ಇಡುತ್ತ ಬರುತ್ತಾರೆ. ಒಂದೊಂದನ್ನು ಇಟ್ಟಾಗಲೂ ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ತುಟಿ ಅಲುಗುತ್ತದೆ. ಒಂದು ಮಗುವಿನ ಹೆಸರು, ಅದಕ್ಕೊಂದು ಪ್ರಾರ್ಥನೆ, ಮುಂದಿನ ಕುರ್ಚಿ. ಬರುವ ಮಕ್ಕಳಿಗಿಂತ ಕುರ್ಚಿಗಳೇ ಜಾಸ್ತಿ ಇವೆಯಲ್ಲ ಎಂದು ಕೇಳಿದರೆ, ಬಿಟ್ಟುಹೋದವರದ್ದೂ ಸೇರಿದೆ ಎನ್ನುತ್ತಾರೆ.

ಕಿಟಕಿ ಪಕ್ಕದ ನೀಲಿ ಕುರ್ಚಿ ನನ್ನ ಮಗ ಸುಮುಖನದು. ಹಿಂದಿನ ಎರಡು ಶನಿವಾರ ಅವನನ್ನು ನಾನು ಇಲ್ಲಿಗೆ ಕಳಿಸಿರಲಿಲ್ಲ. ಸಿಟ್ಟಿನಿಂದಲೇ ಕಳಿಸಿರಲಿಲ್ಲ. ಕುರ್ಚಿಯನ್ನು ಎತ್ತಿ ಒಳಗಿಟ್ಟಿರುತ್ತಾರೆ ಅಂದುಕೊಂಡಿದ್ದೆ. ಅದು ಅಲ್ಲೇ ಇದೆ, ಆಂಟಿಯ ಕೈ ಅದರ ಮೇಲೂ ಅಷ್ಟೇ ಹೊತ್ತು ನಿಲ್ಲುತ್ತದೆ. ನೋಡಿ ಸಂತೋಷವಾಗಬೇಕಿತ್ತು. ನನಗೆ ಹೊಟ್ಟೆ ಉರಿಯುತ್ತದೆ.

ಇದನ್ನು ಮುಚ್ಚಿಟ್ಟು ಬರೆಯುವುದು ನನ್ನಿಂದಾಗದು. ಸಿಡ್ನಿಯಲ್ಲಿರುವ ಎಲೆಮರೆಯ ಕಾಯಿಯೊಂದರ ಬಗ್ಗೆ ಬರೆದುಕೊಡಿ ಎಂದು ಬೆಂಗಳೂರಿನಿಂದ ಪುರವಣಿಯವರು ಕೇಳಿದಾಗ ಹೊಳೆದ ಮೊದಲ ಹೆಸರು ಇವರದು. ಯಾಕಾದರೂ ಹೊಳೆಯಿತೋ ಎಂದು ಬೈದುಕೊಂಡೆ. ಕನ್ನಡ ಸಂಘದಲ್ಲಿ ಸನ್ಮಾನಕ್ಕೆ ಕಾದಿರುವವರು ಬೇಕಾದಷ್ಟಿದ್ದರು. ಆದರೆ ಹಣ್ಣನ್ನು ಬಿಟ್ಟು ಹೂವನ್ನು ಹೊಗಳುವುದು ನನಗೆ ಬರುವುದಿಲ್ಲ. ಹಾಗಾಗಿ ಕೆಲಸಕ್ಕೆ ರಜೆ ಹಾಕಿ, ನಿದ್ದೆಗಣ್ಣಿನ ಮಗನನ್ನು ಎಬ್ಬಿಸಿಕೊಂಡು ಈ ಚಳಿಯಲ್ಲಿ ಬಂದು ನಿಂತಿದ್ದೇನೆ.

ಗುಣವತಿಯವರ ಊರು ಮೂಲ್ಕಿ. ತಂದೆ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ತುಳು, ಚರ್ಚಿನ ಸಭೆಯಲ್ಲಿ ಕನ್ನಡ. ಗಂಡ ಯಾದವ ಅವರು ಫಿಟ್ಟರ್ ಕೆಲಸ ಹಿಡಿದು ಸಿಡ್ನಿಗೆ ಬಂದಾಗ ಇವರೂ ಬಂದರು. ಯಾದವ ಅವರು ತೀರಿಕೊಂಡು ಕೆಲವು ವರ್ಷಗಳಾದವು. ಮಗಳು ಜ್ಯೋತ್ಸ್ನಾ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿದ್ದಾಳೆ. ಅಲ್ಲಿಗೇ ಬಂದುಬಿಡಿ, ರೆಂಟ್ ಯಾಕೆ ಕಟ್ಟುತ್ತೀರಿ ಎಂದು ವಾರಕ್ಕೊಮ್ಮೆ ಫೋನಿನಲ್ಲಿ ಗದರುತ್ತಾಳೆ. ಶನಿವಾರದ ಮಕ್ಕಳನ್ನು ಯಾರಿಗೆ ಒಪ್ಪಿಸಿ ಬರಲಿ ಎಂಬುದು ಇವರ ಉತ್ತರ.

ವಾರವಿಡೀ ಇವರಿಗೆ ವೃದ್ಧಾಶ್ರಮವೊಂದರ ಲಾಂಡ್ರಿಯಲ್ಲಿ ಕೆಲಸ. ದೊಡ್ಡ ಮೆಷಿನ್ನುಗಳ ಪಕ್ಕದಲ್ಲಿ ನಿಂತು ಹಾಸಿಗೆ ಬಟ್ಟೆ ಒಗೆದು, ಒಣಗಿಸಿ, ಮಡಿಸುವುದು. ಆ ಸದ್ದಿಗೆ ಎಡಗಿವಿ ಹೆಚ್ಚುಕಡಿಮೆ ಕೆಟ್ಟೇ ಹೋಗಿದೆ. ಶನಿವಾರದ ಮಕ್ಕಳ ಕ್ಲಬ್ಬಿಗೆ ಸಂಬಳವಿಲ್ಲ. ಟೋಸ್ಟ್, ಜಾಮ್, ಕತೆ, ಹಾಡು, ಅಂಟು ಕಾಗದದ ಕೆಲಸ, ಕೊನೆಗೆ ಪ್ರಾರ್ಥನೆ. ಸುತ್ತಮುತ್ತಲಿನ ಸಬರ್ಬ್‌ಗಳಲ್ಲಿ ಶನಿವಾರವೂ ಶಿಫ್ಟ್ ಇರುವ ಅಪ್ಪ ಅಮ್ಮಂದಿರ ಮಕ್ಕಳೆಲ್ಲ ಇಲ್ಲಿಗೆ ಬರುತ್ತಾರೆ, ಯಾವ ದೇವರ ಮನೆಯವರೆಂದು ಕೇಳುವವರಿಲ್ಲ.

ನನಗೂ ಶನಿವಾರ ಪರಮಟ್ಟಾದ ಔಷಧದಂಗಡಿಯಲ್ಲಿ ಕೆಲಸ. ನನ್ನವರು ಗೋಪೀನಾಥ ಐಟಿಯವರು, ಅವರ ಶನಿವಾರ ಅವರ ಕೈಯಲ್ಲೂ ಇಲ್ಲ. ಮೊದಲ ದಿನವೇ ಆಂಟಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ನೇರವಾಗಿ ಹೇಳಿದ್ದರು. “ನೋಡಿ ಅಹಲ್ಯಾ, ನಾವು ಇಲ್ಲಿ ಏಸುವಿನ ಕತೆ ಹೇಳ್ತೇವೆ, ಪ್ರಾರ್ಥನೆ ಮಾಡ್ತೇವೆ. ನಿಮಗೆ ಬೇಡ ಅಂತಾದ್ರೆ ಈಗಲೇ ಹೇಳಿ, ಆಮೇಲೆ ಮನಸ್ಸಿಗೆ ಬೇಜಾರು ಮಾಡ್ಕೊಳ್ಳುದು ಬೇಡ.” ಮೈಸೂರಿನಿಂದ ಅತ್ತೆಯವರು ಫೋನಿನಲ್ಲಿ ಒಂದು ತಿಂಗಳು ಗೊಣಗಿದರು. ನನಗೆ ಅದು ದೊಡ್ಡದಾಗಿ ಕಾಣಲಿಲ್ಲ. ನನ್ನನ್ನು ಕಾಡಿದ್ದು ಇನ್ನೂ ಸಣ್ಣ ವಿಷಯ.

ನನ್ನ ಮಗ ನನ್ನೊಡನೆ ಕನ್ನಡ ಮಾತಾಡುವುದಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಇಡೀ ದಿನ ಏನು ಮಾಡಿದೆಯಪ್ಪಾ ಎಂದರೆ ‘ನಥಿಂಗ್, ಮಮ್’. ಅದೇ ಹುಡುಗ ಈ ಹಾಲ್‌ನಲ್ಲಿ ಗುಣವತಿ ಆಂಟಿಯ ಸೆರಗು ಜಗ್ಗಿ “ಆಂಟಿ, ಜಾಮ್ ಉಂಟಾ?” ಎಂದು ಕೇಳಿದ್ದನ್ನು ಒಂದು ದಿನ ನನ್ನ ಕಿವಿಯಾರೆ ಕೇಳಿದೆ. ಉಂಟಾ ಅಂತೆ. ನಮ್ಮ ಮನೆತನದಲ್ಲಿ ಯಾರೂ ಹಾಗೆಂದವರಿಲ್ಲ.

ಆಂಟಿಯ ಉಪಾಯ ಆಮೇಲೆ ತಿಳಿಯಿತು. ಅವರ ಎಡಗಿವಿ ಕೇಳುವುದಿಲ್ಲ, ಬಲಗಿವಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಅವನಿಗೆ ಹೇಳಿಬಿಟ್ಟಿದ್ದಾರೆ. ಅವನು ನಂಬಿಕೊಂಡಿದ್ದಾನೆ. ಪಾಪ, ನನ್ನೆರಡೂ ಕಿವಿಗಳು ಸರಿಯಾಗಿವೆ.

ಬಲಗಿವಿಯ ಮಾತು ಬಂದದ್ದು ಇಲ್ಲಿನ ಒಂದು ಪದ್ಧತಿಯಿಂದ. ಮಧ್ಯಾಹ್ನ ಮನೆಗೆ ಹೋಗುವ ಮುಂಚೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಎಲ್ಲರೂ ನೋಡುತ್ತಿರುವಂತೆಯೇ ಒಬ್ಬೊಬ್ಬರಾಗಿ ಬಂದು, ಬಾಗಿ ನಿಂತ ಆಂಟಿಯ ಬಲಗಿವಿಯಲ್ಲಿ ದೇವರಿಗೆ ಹೇಳಬೇಕಾದ್ದನ್ನು ಪಿಸುಗುಟ್ಟುತ್ತಾರೆ. ಮೂಲ್ಕಿಯ ಸಂಡೇ ಸ್ಕೂಲಿನಲ್ಲಿ ಇವರ ಟೀಚರು ಹೀಗೇ ಮಾಡುತ್ತಿದ್ದರಂತೆ. ಸಾಲು ಮುಗಿದ ಮೇಲೆ ಆಂಟಿ ಕಣ್ಣು ಮುಚ್ಚಿ, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ, ಎಲ್ಲವನ್ನೂ ಕಲೆಸಿ ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ಸತ್ತುಹೋದ ಗಿನಿ ಪಿಗ್, ಪಿಆರ್ ವೀಸಾ ಸಿಗದ ಅಪ್ಪ, ಸ್ಪೆಲ್ಲಿಂಗ್ ಟೆಸ್ಟ್, ಎಲ್ಲ ಒಂದೇ ಉಸಿರಿನಲ್ಲಿ. ಯಾರ ಹೆಸರೂ ಇಲ್ಲ. ಮಗುವಿಗೆ ಯಾರಿಂದಾದರೂ ಕೇಡಾಗುತ್ತಿದೆ ಎಂದು ಗೊತ್ತಾದರೆ ಮಾತ್ರ ಬಾಯಿಬಿಡುತ್ತೇನೆ ಎಂದು ಮಕ್ಕಳಿಗೂ ಹಿರಿಯರಿಗೂ ಮೊದಲೇ ಹೇಳಿದ್ದಾರೆ. ಉಳಿದದ್ದೇನೂ ಆ ಕಿವಿಯಿಂದ ಹೊರಗೆ ಬರುವುದಿಲ್ಲ.

ನನ್ನ ಮಗ ಪಿಸುಗುಟ್ಟುವುದು ಎಲ್ಲರಿಗಿಂತ ಹೆಚ್ಚು ಹೊತ್ತು. ಹಿಂದೆ ಗೋಡೆಗೊರಗಿ ನಿಂತ ಅಮ್ಮಂದಿರ ಸಾಲಿನಲ್ಲಿ ನಾನು ಕೈಕಟ್ಟಿ ನಿಂತು ಅದನ್ನು ನೋಡಬೇಕು. ಅಷ್ಟು ಹೊತ್ತು ಅವನು ನನ್ನ ಕಿವಿಯ ಹತ್ತಿರ ನಿಂತು ಯಾವ ಕಾಲವಾಯಿತೋ.

ಕಳೆದ ತಿಂಗಳು ಒಂದು ಶನಿವಾರ ಪ್ರಾರ್ಥನೆಯ ನಡುವೆ ಆಂಟಿ, ಬೆಳಿಗ್ಗೆ ಹೊತ್ತು ಅಮ್ಮ ಕೂಗಾಡದಿರಲಿ ಎಂದು ಬೇಡಿಕೊಂಡರು. ನನ್ನ ಮುಖಕ್ಕೆ ರಕ್ತ ಏರಿತು. ಸಾಕ್ಸ್ ಹುಡುಕಲು ನಾನು ಕೂಗಾಡುವುದು ಗೋಪೀನಾಥರಿಗೆ ಗೊತ್ತು, ಪಕ್ಕದ ಮನೆಯ ಲೆಬನೀಸ್ ಅಜ್ಜಿಗೆ ಗೊತ್ತು. ಈಗ ಏಸುಸ್ವಾಮಿಗೂ ದೂರು ಹೋಯಿತು, ಅದೂ ಇವರ ಮೂಲಕ. ಆ ವಾರವಿಡೀ ಹಲ್ಲು ಕಚ್ಚಿಕೊಂಡು ಮೆತ್ತಗೆ ಮಾತಾಡಿದೆ. ಒಂದು ಬೆಳಿಗ್ಗೆ ಸುಮುಖ ನನ್ನನ್ನೇ ನೋಡುತ್ತ, “ಮಮ್, ಆರ್ ಯೂ ಸಿಕ್?” ಎಂದ.

ಮುಂದಿನ ಶನಿವಾರ ಬೇಗ ಹೋಗಿ ಆಂಟಿಯನ್ನು ಅಡುಗೆಕೋಣೆಯಲ್ಲೇ ಹಿಡಿದೆ. ನನಗಿಂತ ಮುಂಚೆ ಒಬ್ಬ ತಮಿಳು ತಾಯಿ ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು, ತನ್ನ ಮಗಳು ಹಾಗೆ ಹೇಳಬಾರದಿತ್ತು ಎಂದು. ನನ್ನ ಹಿಂದೆಯೇ ಫಿಜಿಯ ಹೆಂಗಸು ಬಂದಳು, ಅವಳದೂ ಅದೇ ಸಂಕಟ. ಆ ದಿನ ಗೋಡೆಗೊರಗಿ ನಿಂತಿದ್ದ ಅಷ್ಟೂ ಅಮ್ಮಂದಿರು ಅದು ತಮ್ಮ ಮಗುವಿನದೇ ಎಂದುಕೊಂಡು ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅದು ಯಾವ ಮಗುವಿನ ಮಾತೆಂದು ಆಂಟಿ ಯಾರಿಗೂ ಬಿಟ್ಟುಕೊಡಲಿಲ್ಲ. ಎಲ್ಲರ ಮನೆಯಲ್ಲೂ ಒಂದು ವಾರ ಗಲಾಟೆ ಕಡಿಮೆಯಾಯಿತಲ್ಲ, ದೇವರು ಕೇಳಿಸಿಕೊಂಡ ಹಾಗಾಯಿತು ಎಂದು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದರು.

ಉಳಿದವರು ನಕ್ಕು ಹೋದರು. ನನಗೆ ನಗು ಬರಲಿಲ್ಲ. ಕೂಗಾಟದ ಮಾತು ಯಾರದ್ದಾದರೂ ಆಗಲಿ, ಇವನು ಇಷ್ಟುದ್ದ ಏನು ಹೇಳುತ್ತಾನೆ ಅದನ್ನಾದರೂ ಹೇಳಿ ಎಂದು ಪಟ್ಟು ಹಿಡಿದೆ.

“ನಾನು ಅವನ ತಾಯಿ ಕಣ್ರೀ,” ಎಂದೆ.

“ಅದು ಗೊತ್ತುಂಟು. ಆದ್ರೆ ಅವ ಹೇಳಿದ್ದು ನಿಮಗಲ್ಲ, ನನಗೂ ಅಲ್ಲ. ನಾನು ಬರೀ ಕಿವಿ.”

ಹಾಗಾದರೆ ಇನ್ನು ಮೇಲೆ ಕಳಿಸುವುದಿಲ್ಲ ಎಂದೆ. ಅವರ ಕೈಯಲ್ಲಿದ್ದ ಚಾಕು ನಿಂತಿತು. ಆ ಮುಖ ನೋಡಿ ನನಗೆ ಒಳಗೊಳಗೇ ಸಮಾಧಾನವಾಯಿತು ಎಂದೂ ಬರೆದುಬಿಡುತ್ತೇನೆ.

“ಕಳಿಸದಿದ್ರೆ ನನಗೆ ತುಂಬ ಬೇಜಾರಾಗ್ತದೆ,” ಎಂದರು. “ಆದ್ರೂ ಹೇಳುದಿಲ್ಲ.”

ಎರಡು ಶನಿವಾರ ಸುಮುಖನನ್ನು ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡೆ. ಅವನು ಹಟ ಮಾಡಲಿಲ್ಲ, ಅಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದ್ದು ಹೋಗಿ ಗೋಡೆಯ ಪಕ್ಕ ನಿಂತು ಏನೋ ಪಿಸುಗುಟ್ಟುತ್ತಿದ್ದ. ನಾನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದ. ಎರಡನೆಯ ಶನಿವಾರ ನಾನೇ ಬಾಗಿ ನನ್ನ ಕಿವಿ ಕೊಟ್ಟೆ. ‘ಇಟ್ಸ್ ಓಕೆ, ಮಮ್’ ಎಂದು ಬೆನ್ನು ತಟ್ಟಿದ. ಗೋಡೆಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ. ಇವತ್ತು ಅವನನ್ನು ಕರೆತಂದದ್ದು ಅದಕ್ಕೇ, ಈ ಲೇಖನಕ್ಕೆಂದು ಮಾತ್ರ ಅಲ್ಲ.

ನಾವು ಬಂದಾಗ ಆಂಟಿ ಯಾವ ಲೆಕ್ಕವನ್ನೂ ಕೇಳಲಿಲ್ಲ. ಸುಮುಖನ ಟೋಪಿ ಸರಿಮಾಡಿ, ಮೈಲೋ ಕಲೆಸಿಕೊಟ್ಟು, ನನಗೂ ಒಂದು ಲೋಟ ಚಹಾ ಕೊಟ್ಟರು. ಅವನು ಪಕ್ಕದ ಕುರ್ಚಿಯಲ್ಲಿ ಟೋಸ್ಟ್ ತಿನ್ನುತ್ತಿದ್ದಾನೆ. ನಾನು ಪೆನ್ನು ತೆಗೆದು, ನಿಮಗೆ ಯಾರ ಮೇಲಾದರೂ ಅಸೂಯೆ ಆಗಿದ್ದುಂಟೇ ಎಂದು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಯಾರೂ ಕೇಳುವ ಪ್ರಶ್ನೆಯಲ್ಲ. ನನಗೆ ಉತ್ತರ ಬೇಕಿತ್ತು.

“ಹೊಟ್ಟೆಕಿಚ್ಚಾ? ಆಗದೆ ಎಂತ,” ಎನ್ನುತ್ತಾರೆ. “ನಮ್ಮ ರೋಶನ್ ಮೇಲೆ ಆಗ್ತದೆ. ಒಳ್ಳೇ ಹುಡುಗ ಮಾರಾಯ್ರೆ, ಆದ್ರೂ ಆಗ್ತದೆ.”

ರೋಶನ್ ಈ ಚರ್ಚಿನ ಯೂತ್ ಪಾಸ್ಟರ್. ಹನ್ನೆರಡು ತುಂಬಿದ ಮಕ್ಕಳು ಇವರ ಕೈಬಿಟ್ಟು ಅವನ ಶುಕ್ರವಾರದ ಗುಂಪಿಗೆ ಹೋಗುತ್ತಾರೆ. ಅಲ್ಲಿ ಗಿಟಾರ್, ಡ್ರಮ್ಸ್, ಪಿಜ್ಜಾ ಎಲ್ಲ ಇದೆ. ದೀಕ್ಷಿತಾ ಎಂಬ ಹುಡುಗಿ ಅಂಗನವಾಡಿಯ ವಯಸ್ಸಿನಿಂದ ಇವರ ಕಿವಿಯಲ್ಲಿ ಪಿಸುಗುಟ್ಟಿದವಳು, ಈಗ ಎದುರಾದರೆ ಇಯರ್‌ಫೋನ್ ತೆಗೆಯದೆ ಒಂದು ‘ಹಾಯ್’ ಹೇಳಿ ಹೋಗುತ್ತಾಳಂತೆ. ಹೋದ ತಿಂಗಳು ಅವಳು ಎಲ್ಲರೆದುರು ಮೈಕ್ ಹಿಡಿದು ಪ್ರಾರ್ಥನೆ ಮಾಡಿದಳು, ಸಭೆಯವರೆಲ್ಲ ರೋಶನ್‌ನ ಕೈಕುಲುಕಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಇವರಿಗೆ ಅವಳ ಮೊದಲ ಪ್ರಾರ್ಥನೆ ನೆನಪಿತ್ತು. ಅದೇನೆಂದು ನನಗೂ ಹೇಳಲಿಲ್ಲ ಬಿಡಿ.

“ಮನೆಗೆ ಹೋಗಿ ದೇವರ ಹತ್ರ ಹೇಳಿದೆ, ಕರ್ತನೇ, ನನಗೆ ಕಿಚ್ಚಾಗ್ತಾ ಉಂಟು, ನೀನೇ ನೋಡು ಅಂತ. ಮರುದಿನ ಪುನಃ ಆಯ್ತು. ಪುನಃ ಹೇಳಿದೆ. ಅವಳ ಕುರ್ಚಿ ಮಾತ್ರ ತೆಗೀಲಿಲ್ಲ. ಒಂದು ದಿವಸ ಅವಳಿಗೆ ಬೇಕಾದೀತು.”

ಈ ಮಾತಿನಿಂದ ನನಗೆ ಎಷ್ಟು ಹಗುರವಾಯಿತೆಂದರೆ, ಹೊಟ್ಟೆಕಿಚ್ಚಿನಲ್ಲಿಯೂ ಇವರು ನನಗಿಂತ ಒಂದು ಕೈ ಮೇಲೆಯೇ ಎಂಬುದು ಆಮೇಲಷ್ಟೇ ಹೊಳೆಯಿತು. ಹಾಗಾದರೆ ನಿಮ್ಮ ಮಾತನ್ನು ಯಾರ ಕಿವಿಯಲ್ಲಿ ಹೇಳುತ್ತೀರಿ ಎಂದು ಕೇಳುತ್ತೇನೆ. ಆಂಟಿ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾರೆ.

“ನಮ್ಮ ಯಜಮಾನ್ರಿದ್ದಾಗ ಇವರ ಕಿವಿಯಲ್ಲಿ. ಶನಿವಾರ ಹಾಲ್ ಬೀಗ ಹಾಕಿ ಕಾರಲ್ಲಿ ಕೂತ್ಕೊಂಡ ಕೂಡಲೇ ಇವರು ತಲೆ ಬಗ್ಗಿಸ್ತಿದ್ರು, ಹೇಳು ಅಂತ. ಈಗ ಸೀದಾ ಮೇಲಕ್ಕೆ ಹೇಳುದು. ಅವನಿಗೆ ಕೇಳ್ತದೆ, ಅದು ಗೊತ್ತುಂಟು. ಆದ್ರೂ ಹತ್ರ ಒಂದು ಕಿವಿ ಇದ್ದಿದ್ರೆ ಒಳ್ಳೇದಿತ್ತು. ಅಷ್ಟೇ, ಬೇರೆ ಎಂತ ಆಸೆ ಇಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಮಕ್ಕಳ ಗದ್ದಲ. ಆಂಟಿ ಎದ್ದು ಹೋಗುತ್ತಾರೆ. ಸುಮುಖ ಖಾಲಿ ಲೋಟ ಹಿಡಿದುಕೊಂಡು ಅವರು ಹೋದ ಕಡೆಗೇ ನೋಡುತ್ತಿದ್ದಾನೆ.

ಮಧ್ಯಾಹ್ನ. ಅಮ್ಮಂದಿರು ಗೋಡೆಗೊರಗಿದ್ದಾರೆ, ಮಕ್ಕಳು ಸಾಲಾಗಿ ನಿಂತಿದ್ದಾರೆ. ನನ್ನ ಮಗ ಇವತ್ತು ಬೇಕೆಂದೇ ಕೊನೆಯಲ್ಲಿ ನಿಂತಿದ್ದಾನೆ. ಅವನ ಸರದಿ ಬಂದಾಗ ಆಂಟಿ ಬಾಗುತ್ತಾರೆ. ಅವನು ಎಂದಿನಂತೆ ಉದ್ದಕ್ಕೆ ಪಿಸುಗುಟ್ಟುತ್ತಾನೆ. ಮುಗಿದ ಮೇಲೆ ಅಲ್ಲಿಂದ ಕದಲುವುದಿಲ್ಲ. ಟೋಪಿ ತೆಗೆದು, ಕೂದಲು ಹಿಂದಕ್ಕೆ ಸರಿಸಿ, ತಲೆ ಓರೆಮಾಡಿ ತನ್ನ ಕಿವಿಯನ್ನು ಅವರ ಮುಂದೆ ಹಿಡಿದು ನಿಲ್ಲುತ್ತಾನೆ.

ಆಂಟಿಗೆ ಮೊದಲು ಅರ್ಥವಾಗುವುದಿಲ್ಲ. ಅರ್ಥವಾದಾಗ ಒಮ್ಮೆ ನನ್ನ ಕಡೆ ನೋಡುತ್ತಾರೆ. ನಾನು ಬೇಡವೆನ್ನಬಹುದಿತ್ತು. ಹೂಂ ಎಂದು ತಲೆ ಆಡಿಸುತ್ತೇನೆ. ಅವರು ಮಂಡಿಯೂರಿ ಕೂತು, ಕೈ ಅಡ್ಡ ಹಿಡಿದು, ಏಳು ವರ್ಷದ ಹುಡುಗನ ಕಿವಿಯಲ್ಲಿ ಏನೋ ಹೇಳುತ್ತಾರೆ. ಬಹಳ ಇರಲಿಲ್ಲ, ಒಂದೆರಡು ಮಾತು. ಸುಮುಖ ಗಂಭೀರವಾಗಿ ಕೇಳಿಸಿಕೊಂಡು, ತನ್ನ ನೀಲಿ ಕುರ್ಚಿಗೆ ಹೋಗಿ ಕಣ್ಣು ಮುಚ್ಚುತ್ತಾನೆ. ತುಟಿ ಅಲುಗುತ್ತದೆ. ಗೋಡೆಯ ಬಳಿ ನಿಂತ ನನ್ನ ಕಣ್ಣಲ್ಲಿ ನೀರು ಬರುತ್ತದೆ, ಉರಿಯೂ ಇದೆ.

ಕಾರಿನಲ್ಲಿ ಬೆಲ್ಟ್ ಹಾಕಿಸುವಾಗ ತಡೆಯಲಾಗದೆ ಕೇಳುತ್ತೇನೆ, ಆಂಟಿ ನಿನಗೇನು ಹೇಳಿದ್ರೋ ಎಂದು. ‘ನಥಿಂಗ್, ಮಮ್’ ಬರುತ್ತದೆಂದು ಕಾಯುತ್ತೇನೆ. ಅವನು ಕಿಟಕಿಯಾಚೆ ಹಾಲ್‌ಗೆ ಬೀಗ ಹಾಕುತ್ತಿರುವ ಗುಣವತಿ ಆಂಟಿಯನ್ನು ನೋಡುತ್ತಾನೆ, ಆಮೇಲೆ ನನ್ನ ಕಡೆ ತಿರುಗುತ್ತಾನೆ.

“ಅದು ಹೇಳ್ಲಿಕ್ಕಿಲ್ಲ, ಅಮ್ಮ.”

ಎಷ್ಟೋ ತಿಂಗಳ ಮೇಲೆ ನನ್ನ ಮಗ ನನಗೆ ಕನ್ನಡದಲ್ಲಿ ಉತ್ತರ ಕೊಟ್ಟಿದ್ದಾನೆ. ಅದೂ ಮೂಲ್ಕಿಯ ಕನ್ನಡ.