ಎರಡನೇ ಸಲ ಕೇಳುವುದನ್ನು ಪಠ್ಯಕ್ಕೆ ಸೇರಿಸಿದವರು

ಸಿಡ್ನಿ, ಮೆಲ್ಬರ್ನ್ ನಗರಗಳ ಸಮುದಾಯ ಕಾಲೇಜುಗಳಲ್ಲಿ ಕಲಿತು ಕೆಲಸ ಹಿಡಿದವರು ಸಾವಿರಾರು ಮಂದಿ. ತಮಗೆ ಪಾಠ ಹೇಳಿದವರ ಹೆಸರು ಅವರಲ್ಲಿ ಕೆಲವರಿಗಾದರೂ ನೆನಪಿರುತ್ತದೆ. ಆದರೆ ಆ ಪಾಠ ತರಗತಿಗೆ ಬರುವ ಮೊದಲು, ಇದನ್ನು ಯಾರಿಗಾಗಿ ಕಲಿಸಬೇಕು, ಕಲಿತರೆಂದು ಹೇಗೆ ತಿಳಿಯಬೇಕು ಎಂದು ಸಾಲುಸಾಲಾಗಿ ಯೋಚಿಸಿ ಬರೆದು, ರಾಜ್ಯದ ಪಠ್ಯಕ್ರಮ ನಿಯಮಾವಳಿಗೆ ಒಪ್ಪುವಂತೆ ತಿದ್ದಿ, ಪರಿಶೀಲನಾ ಸಮಿತಿಯ ಮುಂದೆ ವಾದಿಸಿ ಅನುಮೋದನೆ ತಂದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ತೆರೆಮರೆಯ ಈ ಕೆಲಸದಲ್ಲಿ ತಮ್ಮ ಸೇವಾವಧಿಯ ಬಹುಭಾಗವನ್ನು ಕಳೆದು, ಈ ೨೦೧೯ರಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಇನೇಜ್ ಮಾಡ್ತಾ ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಅವರು ಬರೆದ ಕೋರ್ಸಿನಲ್ಲೇ ನಾನು ಫೇಲಾದವಳು ಎಂಬುದನ್ನು ಈ ಅಭಿನಂದನ ಗ್ರಂಥದ ಸಂಪಾದಕರು ತಿಳಿದೇ ನನ್ನನ್ನು ಆರಿಸಿದರೋ ಏನೋ, ಕಾಣೆ.

ಮಂಗಳೂರಿನ ಕಡೆಯ ಕಿನ್ನಿಗೋಳಿಯಲ್ಲಿ ಹುಟ್ಟಿ, ನರ್ಸಿಂಗ್ ಓದಿ, ಸಿಡ್ನಿಗೆ ಬಂದು, ಏಜ್ಡ್ ಕೇರ್ ಎಂದು ಇಲ್ಲಿ ಕರೆಯುವ ಹಿರಿಯರ ಆರೈಕೆ ಕೇಂದ್ರಗಳಲ್ಲಿ ವರ್ಷಗಟ್ಟಲೆ ದುಡಿದು, ಅಲ್ಲಿಂದ ನಾನೀಗ ಪಾಠ ಹೇಳುವ ಸಮುದಾಯ ಕಾಲೇಜಿಗೆ ಬೋಧಕಿಯಾಗಿ ಬಂದವರು ಇನೇಜ್ ಅವರು. ಕೋರ್ಸ್ ರೂಪಿಸುವ ವಿಭಾಗಕ್ಕೆ ಅವರನ್ನು ಹಾಕಿದ್ದಕ್ಕೆ ಕಾರಣ ಅವರ ಕುತೂಹಲವೇ ಇರಬೇಕು. ಮಕ್ಕಳ ಪಾಲನೆಯ ಕೋರ್ಸ್ ಬರೆಯುವಾಗ ಡೇಕೇರ್‌ನ ನೆಲದ ಮೇಲೆ ಅಂಗಾತ ಮಲಗಿ, ಮಗುವಿಗೆ ಇಡೀ ದಿನ ಏನು ಕಾಣುತ್ತದೆ ಎಂದು ನೋಡಿದವರು ಅವರು. ಕಾಫಿ ಮಾಡುವವರ ಕೋರ್ಸಿಗಾಗಿ ನಾರ್ತ್ ಸಿಡ್ನಿಯ ಕೆಫೆಯೊಂದರ ಬಾಗಿಲಲ್ಲಿ ನಿಂತು, ಆಫೀಸಿಗೆ ಓಡುವವರನ್ನು ತಡೆದು, ಕಪ್ಪಿನಲ್ಲಿ ಎಷ್ಟು ಉಳಿಸಿದ್ದೀರಿ, ಯಾಕೆ ಉಳಿಸಿದಿರಿ ಎಂದು ಕೇಳಿದರಂತೆ. ಅದನ್ನು ಕಂಡು ಕೆಫೆಯವನು ಇವರನ್ನು ಆರೋಗ್ಯ ಇಲಾಖೆಯವರೆಂದು ತಿಳಿದು ಬೆವೆತುಹೋದನಂತೆ, ಪಾಪ.

ಕೋರ್ಸ್ ಅನುಮೋದನೆ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಹೆಣ್ಣು ಕೊಡುವವರು ಗಂಡಿನ ಮನೆಯ ಬಗ್ಗೆ ವಿಚಾರಿಸುವ ಹಾಗೆ ಅದು. ಎಲ್ಲ ಚೆನ್ನಾಗಿದೆ ಎಂದು ನಾವು ಹೇಳಿದರೆ ಸಾಲದು, ಬೇರೆಯವರೂ ಹೇಳಬೇಕು. ಈ ಕೋರ್ಸಿನಿಂದ ಯಾರಿಗೆ ಪ್ರಯೋಜನ, ಕಲಿತವರು ಏನು ಮಾಡಬಲ್ಲವರಾಗಬೇಕು, ಅದನ್ನು ಯಾವ ಪರೀಕ್ಷೆಯಿಂದ ಖಚಿತಪಡಿಸಬೇಕು ಎಂದೆಲ್ಲ ಬರೆದು ಒಪ್ಪಿಸಬೇಕು. ಒಮ್ಮೆ ಅನುಮೋದನೆಯಾದ ಮೇಲೆ ಒಂದು ಸಾಲನ್ನು ಕೂಡ ಯಾರೂ ತಮ್ಮಿಷ್ಟಕ್ಕೆ ಬದಲಿಸುವಂತಿಲ್ಲ.

ನಾನು ಈ ದೇಶಕ್ಕೆ ಬಂದದ್ದು ೨೦೧೧ರಲ್ಲಿ, ನನ್ನವರಾದ ಗೋಪೀನಾಥರ ಐಟಿ ಕೆಲಸದ ವೀಸಾದ ಬಾಲ ಹಿಡಿದುಕೊಂಡು. ಮೈಸೂರಿನ ಮಹಿಳಾ ಕಾಲೇಜಿನಲ್ಲಿ ಗೃಹವಿಜ್ಞಾನದ ಅಧ್ಯಾಪಕಿಯಾಗಿದ್ದ ನಾನು ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ಹೊಸ ಮನೆಯಲ್ಲಿ ಎದುರುಮನೆಯ ಗೋಡೆ ನೋಡುತ್ತ ಕೂತೆ. ಎಲ್ಲಿ ಅರ್ಜಿ ಹಾಕಿದರೂ ‘ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ’ ಎಂಬ ಒಂದೇ ರಾಗ. ಕೊನೆಗೆ ಎರಡು ಭಾಷೆ ಬಲ್ಲವರಿಗಾಗಿ ನಮ್ಮ ಕಾಲೇಜು ನಡೆಸುತ್ತಿದ್ದ ಹಿರಿಯರ ಆರೈಕೆಯ ಕೋರ್ಸಿಗೆ ಸೇರಿದೆ. ತರಬೇತಿಗೆ ಹೋಗುತ್ತಿದ್ದ ಆರೈಕೆ ಕೇಂದ್ರದವರು, ಸರ್ಟಿಫಿಕೇಟ್ ತನ್ನಿ, ಮರುದಿನವೇ ಕೆಲಸ ಎಂದಿದ್ದರು. ನನ್ನ ಬದುಕು ಮತ್ತೆ ನನ್ನ ಕೈಗೆ ಸಿಗುವುದು ಆ ಒಂದು ಕಾಗದದಲ್ಲಿತ್ತು.

ಕೊನೆಯ ಪರೀಕ್ಷೆ ಅಭಿನಯದ್ದು. ಪರೀಕ್ಷಕಿಯೊಬ್ಬರು ಅಜ್ಜಿಯಾಗಿ ಕುರ್ಚಿಯಲ್ಲಿ ಕೂತರು. ನಾನು ಊಟ ತಂದು ಬೇಕೇ ಎಂದು ಕೇಳಬೇಕು. ಕೇಳಿದೆ. ಅವರು ನೋ ಥ್ಯಾಂಕ್ಯೂ ಎಂದರು. ನಾನು ನಕ್ಕು, ಸ್ವಲ್ಪವಾದರೂ ತಿನ್ನಿ ಎಂದೆ. ಮತ್ತೆ ನೋ. ನಾನು ಬಿಟ್ಟೇನೆ? ನಮ್ಮ ಮನೆಯಲ್ಲಿ ಮೂರು ಸಲ ಒತ್ತಾಯಿಸದೆ ಬಡಿಸಿದರೆ ಬಂದವರು ಅರೆಹೊಟ್ಟೆಯಲ್ಲಿ ಎದ್ದುಹೋಗುತ್ತಾರೆ. ಮೂರನೇ ಸಲ ‘ನನಗೋಸ್ಕರ ಒಂದು ತುತ್ತು’ ಎಂದು ಚಮಚ ಎತ್ತಿದ್ದೇ ತಡ, ಪರೀಕ್ಷೆ ಮುಗಿಯಿತು. ಹಿರಿಯರ ಆಯ್ಕೆಯನ್ನು ಗೌರವಿಸಲಿಲ್ಲ, ಆದ್ದರಿಂದ ನಾಟ್ ಯೆಟ್ ಕಾಂಪಿಟೆಂಟ್. ಅಂದರೆ ಫೇಲು! ಪೋಷಣೆಯ ಪಾಠ ಹೇಳಿಕೊಂಡು ಬಂದವಳು ಉಪಚಾರ ಮಾಡಿದ್ದಕ್ಕೆ ಫೇಲು! ನನಗೆ ಮೈಯೆಲ್ಲ ಉರಿದುಹೋಯಿತು.

ಜಗಳ ಕಾಯಲೆಂದೇ ಕೋರ್ಸ್ ಬರೆದವರ ಕೋಣೆಗೆ ಹೋದೆ. ನಾನು ಕನ್ನಡದವಳೆಂದು ತಿಳಿದು ಇನೇಜ್ ಅವರು ನನ್ನ ಕೂಗಾಟವನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಸಮಾಧಾನ ಹೇಳುತ್ತಾರೆ ಅಂದುಕೊಂಡರೆ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, “ಅಲ್ಲ ಮಾರಾಯ್ತಿ, ಮೂರು ಸಲ ಯಾಕೆ? ಎರಡಕ್ಕೇ ಬಿಡಬಹುದಿತ್ತಲ್ಲ, ನಾಲ್ಕು ಯಾಕಲ್ಲ?” ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ನಾನೂ ಬೆರಳು ಮಡಚಿ ಲೆಕ್ಕ ಹಾಕತೊಡಗಿದೆ.

“ಆ ಸಾಲು ಬರೆದದ್ದು ನಾನೇ,” ಎಂದರು. “ಬೇಡ ಬೇಡ ಅಂತ ಮುಖ ತಿರುಗಿಸಿದ ಮುದುಕರ ಬಾಯಿಗೆ ಚಮಚ ತುರುಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ನಿಲ್ಲಿಸಲಿಕ್ಕೇ ಬರೆದದ್ದು. ನಿಮ್ಮ ರಿಸಲ್ಟ್ ನಾನು ಬದಲಾಯಿಸುವುದಿಲ್ಲ, ಅದು ಸರಿಯೂ ಅಲ್ಲ. ಆದರೆ ನಾನು ಬರೆದದ್ದು ಪೂರ್ತಿ ಉಂಟಾ ಇಲ್ಲವಾ, ನೋಡುವ.”

ಆಗ ನಾನು ರತ್ನವ್ವನವರ ಸುದ್ದಿ ಹೇಳಿದೆ. ಹುಬ್ಬಳ್ಳಿಯವರು, ಮಗಳ ಮನೆಯಲ್ಲಿದ್ದಾಗ ಬಿದ್ದು ಸೊಂಟ ಮುರಿದು ನಾನು ತರಬೇತಿಗೆ ಹೋಗುತ್ತಿದ್ದ ಕೇಂದ್ರಕ್ಕೆ ಬಂದಿದ್ದವರು. ಊಟ ಬೇಕೇ ಎಂದು ಯಾರು ಕೇಳಿದರೂ ಕೈ ಆಡಿಸಿ ಬೇಡವೆನ್ನುತ್ತಿದ್ದರು; ಸಿಬ್ಬಂದಿ ಅವರ ಆಯ್ಕೆಯನ್ನು ಗೌರವಿಸಿ ತಟ್ಟೆ ಒಯ್ಯುತ್ತಿದ್ದರು. ತರಬೇತಿಯವಳಾದ ನನಗೆ ಪರೀಕ್ಷೆ ಪಾಸಾಗುವವರೆಗೆ ಊಟ ಕೊಡುವ ಕೆಲಸ ಒಪ್ಪಿಸಿರಲಿಲ್ಲ. ಸಂಜೆ ಮಗಳು ಬಂದು ತಿನ್ನಿಸಿದಷ್ಟೇ ಊಟ. ಹಸಿರು ಬಳೆಗಳು ಮೊಣಕೈವರೆಗೆ ಜಾರುವಷ್ಟು ಕೈ ಸೊರಗಿತ್ತು.

ಮರುದಿನ ಮಧ್ಯಾಹ್ನ ಇನೇಜ್ ಅವರು ಅಲ್ಲಿ ಹಾಜರು. ಊಟ ಬೇಕಾ ಎಂದು ತಾವೇ ಕೇಳಿದರು. “ಒಲ್ಲೆ ಬಿಡವಾ. ನಿಂದಾತೇನ ಊಟಾ?” ಎಂದರು ರತ್ನವ್ವ. ಇಷ್ಟು ದಿನ ಅಲ್ಲಿ ಕೇಳಿದವರಿಗೆಲ್ಲ ಆಕೆ ಆ ಪ್ರಶ್ನೆಯನ್ನೂ ಕೇಳಿದ್ದಿರಬೇಕು. ಕನ್ನಡ ಬಾರದವರು ಏನೆಂದು ಉತ್ತರಿಸಿಯಾರು! ಇನೇಜ್ ಅವರು ತಟ್ಟೆಯನ್ನು ಒಯ್ಯದೆ ಅಲ್ಲೇ ಮೇಜಿನ ಮೇಲಿಟ್ಟು, “ನನ್ನದೂ ಆಗಲಿಲ್ಲ. ನೀವು ಕೂತರೆ ನಾನೂ ಕೂರ್ತೇನೆ,” ಎಂದು ತಮ್ಮ ಡಬ್ಬಿ ಬಿಚ್ಚಿದರು. ರತ್ನವ್ವ ತಮ್ಮ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡರು. ನಾನು ಗೆದ್ದೆನೆಂಬ ಹಮ್ಮಿನಲ್ಲಿ ಸಿಹಿ ಮೊಸರಿನ ಕಪ್ಪು ತಂದು ಒಂದು ಸಲ ಕೇಳಿದೆ, ಎರಡು ಸಲ ಕೇಳಿದೆ, ಮೂರನೆಯದಕ್ಕೆ ಅಜ್ಜಿ ಕಣ್ಣು ಕೆಂಪಗೆ ಮಾಡಿ, “ಹೇಳಿದ್ದು ತಿಳ್ಯಾಂಗಿಲ್ಲೇನ ನಿನಗ?” ಎಂದು ಗದರಿದರು.

“ಮೊದಲಿಗೆ ಊಟ ಬೇಡ ಅಂದಿರಿ, ಆಮೇಲೆ ಉಂಡಿರಿ. ಈ ಮೊಸರಿಗೆ ಯಾಕೆ ಸಿಟ್ಟು?” ಎಂದು ಇನೇಜ್ ಅವರು ಸಣ್ಣ ಹುಡುಗಿಯ ಹಾಗೆ ಆಕೆಯನ್ನೇ ಕೇಳಿಬಿಟ್ಟರು.

“ಮೊದ್ಲ ಸಲ ಒಲ್ಲೆ ಅನ್ನೂದು ಮರ್ಯಾದಿಗೆ. ಎರಡ್ನೇ ಸಲ ಒಲ್ಲೆ ಅಂದ್ರ ಖರೇನ ಒಲ್ಲೆ ಅಂತ. ಅದರ ಮ್ಯಾಲೆ ಕೇಳಿದ್ರ ಸಿಟ್ಟು ಬರೂದಿಲ್ಲೇನು?” ಎಂದರು ರತ್ನವ್ವ.

ನನ್ನ ಕಡೆ ತಿರುಗಿ ಇನೇಜ್ ಅವರು, “ನಾನೂ ತಪ್ಪು, ನೀವೂ ತಪ್ಪು. ಎಂಥ ಮಜಾ ಅಲ್ವಾ?” ಎಂದರು. ತಮ್ಮ ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಅಲ್ಲಿಂದ ಮುಂದೆ ಅವರು ಪಂಜಾಬಿ, ಲೆಬನೀಸ್, ಗ್ರೀಕ್ ಅಜ್ಜಿಯರ ಊಟದ ಹೊತ್ತಿಗೆಲ್ಲ ಹೋಗಿ ಕೂತರು. ಎಲ್ಲರದೂ ರತ್ನವ್ವನ ಲೆಕ್ಕವಲ್ಲ. ಮೊದಲ ಬೇಡವೇ ನಿಜವಾದ ಬೇಡ ಆಗಿದ್ದವರೂ ಇದ್ದರು. ಆದರೆ ಸ್ವಲ್ಪ ತಡೆದು ಬೇರೆ ರೀತಿಯಲ್ಲಿ ಇನ್ನೊಂದು ಸಲ ಕೇಳಿದರೆ ಯಾರಿಗೂ ಬೇಸರವಾಗಲಿಲ್ಲ. ಅಷ್ಟನ್ನು ಸೇರಿಸಿ ಕೋರ್ಸಿನ ಆ ಪಾಠದ ಘಟಕವನ್ನು ತಿದ್ದಿ ಬರೆದರು. ಕೋರ್ಸ್ ಅನುಮೋದನೆಯಾಗಿದ್ದದ್ದು ವಿಕ್ಟೋರಿಯಾ ರಾಜ್ಯದ ನಿಯಮದಡಿಯಲ್ಲಾದ್ದರಿಂದ, ಒಪ್ಪಿಗೆಗೆ ಅದರ ರಾಜಧಾನಿ ಮೆಲ್ಬರ್ನಿಗೆ ಹೋಗಬೇಕಿತ್ತು. ಕಲಿಯುವವರ ಮಾತೂ ಸಮಿತಿ ಕೇಳಬೇಕೆಂದು ನನ್ನನ್ನೂ ಕರೆದೊಯ್ದರು. ಒಪ್ಪಿಗೆ ಸಿಕ್ಕರೆ ಹೊಸ ಘಟಕದಲ್ಲಿ ನನಗೆ ಮರುಪರೀಕ್ಷೆ. ಸಿಗದಿದ್ದರೆ ನನ್ನ ಫೇಲು ಫೇಲೇ, ರತ್ನವ್ವನ ತಟ್ಟೆ ಹಿಂದಿನಂತೆಯೇ ವಾಪಸು.

ನಸುಕಿನ ವಿಮಾನ; ಇಬ್ಬರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಸಭೆಯ ಕೋಣೆಗೆ ಕಾಲಿಟ್ಟೊಡನೆ ಅಧ್ಯಕ್ಷೆ ಬೆವರ್ಲಿ ಎಂಬವರು ಟೀ ಕುಡಿಯುತ್ತೀರಾ ಎಂದರು. ನೋ ನೋ, ಐ ಆಮ್ ಫೈನ್ ಎಂದರು ಇನೇಜ್. ನಾನೂ ಹಾಗೇ ಅಂದೆ. ಆಮೇಲೆ ವಾದ ಶುರುವಾಯಿತು. ಬೆವರ್ಲಿಯವರ ಮಾತಿನಲ್ಲಿ ತೂಕವಿತ್ತು. “ಹಿರಿಯರು ಬೇಡವೆಂದರೆ ಬೇಡ, ಇದನ್ನು ನಿಯಮದೊಳಗೆ ತರಲು ಎಷ್ಟೋ ಜನ ಹೋರಾಡಿದ್ದಾರೆ. ಈಗ ಮತ್ತೆ ಕೇಳಿ ಎಂದು ಬರೆದರೆ, ನಾಳೆ ಯಾರೋ ಒತ್ತಾಯ ಮಾಡಿ ಇದೇ ಸಾಲು ತೋರಿಸುತ್ತಾರೆ,” ಎಂದರು. ಉಳಿದ ಸದಸ್ಯರು ತಲೆಯಾಡಿಸಿದರು. ಇನೇಜ್ ಅವರ ಹತ್ತಿರ ಇದ್ದ ಉತ್ತರಗಳೆಲ್ಲ ಒಂದೊಂದಾಗಿ ಮುಗಿಯುತ್ತ ಬಂದವು.

ಮಾತಾಡಿ ಮಾತಾಡಿ ಅವರ ಗಂಟಲು ಕಟ್ಟಿ ಕೆಮ್ಮು ಬಂತು. ಬೆವರ್ಲಿ ಟೀ ಪಾತ್ರೆಯ ಕಡೆ ಅರ್ಧ ಎದ್ದವರು, ಬೇಡವೆಂದಿದ್ದರಲ್ಲ ಎಂದು ನೆನಪಾಗಿ ಮತ್ತೆ ಕೂತರು. ಅದನ್ನು ನೋಡಿದ ಇನೇಜ್ ಅವರು ಕೆಮ್ಮುತ್ತಲೇ ನಗತೊಡಗಿದರು.

“ಬೆವರ್ಲಿ, ನನಗೆ ಟೀ ಬೇಕಿತ್ತು. ಒಳಗೆ ಬಂದಾಗಿನಿಂದ ಬೇಕಿತ್ತು,” ಎಂದರು.

“ಮತ್ತೆ ನೋ ಅಂದದ್ದು ಯಾಕೆ?”

“ಅದೇ ನನಗೂ ಆಶ್ಚರ್ಯ! ಈ ದೇಶದಲ್ಲೇ ತಲೆ ಹಣ್ಣಾಯಿತು, ಆ ಸಾಲು ಬರೆದವಳೂ ನಾನೇ, ಈಗ ಅದನ್ನು ತಿದ್ದಲು ಬಂದವಳೂ ನಾನೇ. ಆದರೂ ಬಾಯಲ್ಲಿ ಬಂದದ್ದು ನೋ. ನೀವು ನನ್ನ ಆಯ್ಕೆಯನ್ನು ಗೌರವಿಸಿದಿರಿ, ನಾನು ಬಾಯಾರಿ ಕೂತೆ.”

ಬೆವರ್ಲಿ ನನ್ನತ್ತ ತಿರುಗಿ, ಹಾಗಾದರೆ ನಿನಗೂ ಟೀ ಬೇಕೇನು ಎಂದರು. ಏನು ಹೇಳಲಿ! ಎಲ್ಲ ಕೇಳಿಸಿಕೊಂಡು ಕೂತಿದ್ದ ನನ್ನ ಹಾಳು ಬಾಯಿಂದ ‘ನೋ ನೋ, ಐ ಆಮ್ ಫೈನ್’ ಎಂದೇ ಹೊರಟಿತು. ಕೋಣೆಗೆ ಕೋಣೆಯೇ ನಕ್ಕಿತು. ನಾನು ನಾಚಿಕೆಯಿಂದ ಮೇಜು ನೋಡುತ್ತ ಕೂತೆ. ಬೆವರ್ಲಿ ಎದ್ದು, ಇನೇಜ್ ಅವರಿಗೆ ಟೀ ಬಗ್ಗಿಸಿ, ಇನ್ನೊಂದು ಕಪ್ಪನ್ನು ಕೈಯಲ್ಲಿ ಹಿಡಿದು, “ಹೇಗೂ ಇವರಿಗೆ ಹಾಕ್ತಿದ್ದೀನಿ, ನಿನಗೂ ಹಾಕಲಾ?” ಎಂದರು. ಹಾಲು ಸ್ವಲ್ಪ ಜಾಸ್ತಿ, ಎಂದೆ.

ಘಟಕಕ್ಕೆ ಒಪ್ಪಿಗೆ ಸಿಕ್ಕಿತು. ಬೆವರ್ಲಿಯವರು ತಮ್ಮದೂ ಒಂದು ಸಾಲು ಸೇರಿಸಿದರು: ಎರಡನೇ ಸಲ ಬೇಡವೆಂದರೆ ಅದೇ ಕೊನೆ, ಆಮೇಲೆ ಯಾವ ಕಾರಣಕ್ಕೂ ಕೇಳಬಾರದು. ಆ ಸಾಲನ್ನು ಇನೇಜ್ ಅವರು ಎರಡೂ ಕೈಯಿಂದ ಸ್ವೀಕರಿಸಿದರು. ನಾನು ಮರುಪರೀಕ್ಷೆಯಲ್ಲಿ ಪಾಸಾದೆ, ಕೆಲಸಕ್ಕೆ ಸೇರಿದೆ, ಕೆಲವು ವರ್ಷಗಳ ನಂತರ ಅದೇ ಕಾಲೇಜಿನಲ್ಲಿ ಅದೇ ಘಟಕಕ್ಕೆ ಬೋಧಕಿಯಾದೆ. ಆ ವರ್ಷದ ಚಳಿಗಾಲ ಕಳೆಯುವಷ್ಟರಲ್ಲಿ ರತ್ನವ್ವನ ಬಳೆಗಳು ಮಣಿಕಟ್ಟಿನಲ್ಲಿ ನಿಂತವು.

ಆಮೇಲೆಯೂ ರತ್ನವ್ವ ಕೆಲವು ವರ್ಷ ಬಾಳಿದರು. ನಾನಿನ್ನೂ ಬೋಧಕಿಯಾಗಿರಲಿಲ್ಲ; ಅವರ ಕೊನೆಯ ದಿನ ಪಾಳಿಯಲ್ಲಿದ್ದವಳು ನಾನೇ. ಗಂಜಿ ತಂದು ಕೇಳಿದೆ, ಒಲ್ಲೆ ಎಂದರು. ಸ್ವಲ್ಪ ತಡೆದು, ಪಕ್ಕದಲ್ಲಿ ಕೂತು, ನನ್ನದೂ ಊಟ ಆಗಿಲ್ಲ, ಇಬ್ಬರೂ ಒಂದೊಂದು ಚಮಚ ಕುಡಿಯೋಣವೇ ಎಂದೆ. ಕಣ್ಣು ಬಿಟ್ಟು ನನ್ನನ್ನೇ ನೋಡಿ, “ಒಲ್ಲೆವಾ,” ಎಂದರು. ನನ್ನ ಜೀವ ಮೂರನೇ ಸಲ ಕೇಳು, ಕೇಳು ಎಂದು ಒದ್ದಾಡಿತು. ಕೇಳಲಿಲ್ಲ. ಬಟ್ಟಲು ಕೆಳಗಿಟ್ಟು ಅವರ ಕೈ ಹಿಡಿದುಕೊಂಡೆ. ಆ ಕೋರ್ಸಿನ ಅರ್ಧ ನನಗೆ ಕೆಲಸ ಕೊಟ್ಟಿತು. ಉಳಿದರ್ಧ ಅವತ್ತು ನನ್ನ ಬಾಯಿ ಕಟ್ಟಿ, ಆ ತಾಯಿಯನ್ನು ನೆಮ್ಮದಿಯಾಗಿ ಹೋಗಗೊಟ್ಟಿತು. ಇದಕ್ಕಾಗಿ ನಾನು ಇನೇಜ್ ಅವರಿಗೆ ಸಾಯುವವರೆಗೂ ಋಣಿ.

ಈ ಗ್ರಂಥದ ಮಾತು ಬಂದಾಗ ಸಂಪಾದಕರು ಅವರಿಗೆ ಫೋನ್ ಮಾಡಿದ್ದರು. ಎಂತದ್ದೂ ಬೇಡ ಮಾರಾಯ್ರೇ ಎಂದರಂತೆ. ಸಂಪಾದಕರು ಗೌರವದಿಂದ ಕೈಬಿಟ್ಟಿದ್ದರು. ನನಗೆ ಸುದ್ದಿ ತಿಳಿದು, ಎರಡನೇ ಸಲ ಕೇಳಿದಿರಾ ಎಂದೆ. ಇಲ್ಲ. ಸರಿ, ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮಗಳು ರೋಶ್ನಿಯ ಮನೆಗೆ ಬಂದಿದ್ದ ಅವರನ್ನು ಕಾಣಲು ನಾನೇ ಹೋದೆ. “ಮೇಡಮ್, ಹೇಗೂ ನಾನೊಂದು ಲೇಖನ ಬರೆದಾಗಿದೆ, ಓದಲಾ?” ಎಂದೆ. ನನ್ನ ಉಪಾಯ ತಿಳಿಯದವರೇ ಅವರು! ನಕ್ಕು, “ಓದು, ಕೇಳುವ,” ಎಂದರು.

ಅವರಿಗೆ ಇನ್ನೂ ಬಹುಕಾಲದ ಆಯುಷ್ಯವನ್ನೂ, ಯಾರ ಪಕ್ಕದಲ್ಲಾದರೂ ಹೋಗಿ ಕೂತು ‘ಯಾಕೆ’ ಎಂದು ಕೇಳುವ ಮಂಡಿಬಲವನ್ನೂ ದೇವರು ಕರುಣಿಸಲಿ. ಹೊಸ ಕೋರ್ಸ್‌ಗಳನ್ನು ಬರೆಯುವುದಿದೆ. ‘ಇನ್ನು ನನ್ನ ಕೆಲಸ ಮುಗಿಯಿತು, ಸಾಕು’ ಎನ್ನುತ್ತಿದ್ದಾರೆ ಇನೇಜ್ ಅವರು. ಅದು ಅವರ ಮೊದಲನೆಯ ಬೇಡ. ಸ್ವಲ್ಪ ದಿನ ತಡೆದು, ಟೀ ಮಾಡಿಕೊಂಡು ಹೋಗಿ, ಇನ್ನೊಂದು ಸಲ ಕೇಳುತ್ತೇವೆ.